ನೆಲ ನಡುಗಿದ ಮೇಲೆ ಕಾಲೇಜಿನ ಬೀಗ ತೆರೆಯುವುದು ಹೇಗೆ

ನನ್ನ ತಾಯಿ ಪಾತ್ರೆ ಜೋಡಿಸುತ್ತಿದ್ದ ಕ್ರಮವೇ ಬೇರೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಉಪ್ಪಿನಕಾಯಿ ಜಾಡಿ ಎಲ್ಲ ನೆಲದ ಮೇಲೆ. ಗೋಡೆಯ ಹಲಗೆಯ ಮೇಲೆ ಬರೀ ಲೋಟ, ತಟ್ಟೆ. ಅವುಗಳ ಮುಂದೆಯೂ ಎರಡು ಮೊಳೆಗಳ ನಡುವೆ ಬಿಗಿದ ಒಂದು ಹುರಿ. ನಾವಿದ್ದದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ. ಅಪ್ಪ ಗಣಿಯಲ್ಲಿ ಫಿಟ್ಟರ್. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಎಲ್ಲರೂ ಅದನ್ನು ರಾಕ್ ಬರ್ಸ್ಟ್ ಎಂದೇ ಕರೆಯುತ್ತಿದ್ದರು. ಅದುರಿದ ಮೇಲೆ ಅಮ್ಮ ಮೊದಲು ಗೋಡೆ ನೋಡುತ್ತಿದ್ದಳು, ಆಮೇಲೆ ಹುರಿ, ಆಮೇಲೆ ಗಡಿಯಾರ. ಅಪ್ಪನ ಪಾಳಿ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು.

ಮುಂದೆ ನಾನು ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದೆ. ಕಾಲೇಜಿನ ಹೆಸರು ಬೇಡ. ಕೆಳಗೆ ಅದರ ಬಗ್ಗೆ ಕೆಲವು ಕಹಿ ಮಾತುಗಳಿವೆ. ತಂಗಿಯ ಮಗಳು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಓದಲು ಹೋದಾಗ ಅಲ್ಲಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯ ಭೂಕಂಪದಿಂದ ಎದ್ದುಬಂದ ಕಥೆಯನ್ನು ಓದತೊಡಗಿದೆ. ಓದುತ್ತಾ ಹೋದಂತೆ ಅಮ್ಮನ ಹುರಿ ಮತ್ತೆ ಮತ್ತೆ ನೆನಪಾಯಿತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕಾಲೇಜಿನವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಭೂಕಂಪ ಎಲ್ಲಿಯ ಮಾತು ಎನ್ನುವವರಿಗೆ ಎರಡೇ ಸಂಗತಿ ಹೇಳುತ್ತೇನೆ. 2002ರ ಭೂಕಂಪ ವಲಯ ನಕ್ಷೆಯಲ್ಲಿ ನಾವು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿದ್ದೇವೆ, ನಿಜ. ಆದರೆ 1993ರ ಸೆಪ್ಟೆಂಬರ್ 30ರ ನಸುಕಿಗೆ ಮುಂಚೆ ಲಾತೂರಿನ ಕಿಲ್ಲಾರಿ ಅದಕ್ಕೂ ಕೆಳಗಿನ ಒಂದನೆಯ ವಲಯದಲ್ಲಿತ್ತು. ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು. ನಕ್ಷೆಯಿಂದ ಒಂದನೆಯ ವಲಯವನ್ನೇ ತೆಗೆದುಹಾಕಿದ್ದು ಆಮೇಲೆ. ಎರಡನೆಯದು, 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಐದಾರು ನಿಮಿಷಗಳ ಅಂತರದಲ್ಲಿ ಎರಡು ಸಲ ನೆಲ ನಡುಗಿತು: ತೀವ್ರತೆ 2.9 ಮತ್ತು 3.0. ಗೋಡೆ ಬೀಳಿಸುವಷ್ಟು ದೊಡ್ಡದಲ್ಲ, ಆದರೂ ಜನ ಚಳಿಯಲ್ಲಿ ಮನೆಯಿಂದ ಹೊರಗೆ ಓಡಿ ಬಂದರು. ಅದೇ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲು ಪ್ರಪಂಚದ ಕಂಪನಗಳನ್ನೆಲ್ಲ ಆಲಿಸುತ್ತಾ ಕುಳಿತಿದೆ. ಅದರ ಮಗ್ಗುಲಲ್ಲೇ ಇರುವ ನಾವು ಕಪಾಟಿಗೆ ಒಂದು ಬೋಲ್ಟ್ ಹಾಕಿಸಿಲ್ಲ.

ಕ್ಯಾಂಟರ್ಬರಿಯಲ್ಲಿ ಆದದ್ದು

2010ರ ಸೆಪ್ಟೆಂಬರ್ 4, ಶನಿವಾರ, ಬೆಳಗಿನ ಜಾವ 4:35ಕ್ಕೆ 7.1 ತೀವ್ರತೆಯ ಭೂಕಂಪ. ಊರು ಮಲಗಿತ್ತು, ಬೀದಿ ಖಾಲಿ, ಕಟ್ಟಡಗಳ ಅಡಿ ಸಿಕ್ಕಿ ಯಾರೂ ಸಾಯಲಿಲ್ಲ. ಗ್ರಂಥಾಲಯದ ಪುಸ್ತಕಗಳು ರಾಶಿ ರಾಶಿಯಾಗಿ ನೆಲಕ್ಕೆ ಬಿದ್ದವು. ಅವುಗಳನ್ನು ಎತ್ತಿ ಜೋಡಿಸಿದರು, ವಿಶ್ವವಿದ್ಯಾಲಯ ಮತ್ತೆ ನಡೆಯಿತು. ಎಲ್ಲರೂ ಉಸಿರು ಬಿಟ್ಟರು. 2011ರ ಫೆಬ್ರವರಿ 22, ಮಂಗಳವಾರ, ಮಧ್ಯಾಹ್ನ 12:51. ಹೊಸ ವರ್ಷದ ತರಗತಿಗಳು ಆಗತಾನೆ ಶುರುವಾಗಿದ್ದವು. ಈ ಸಲದ ತೀವ್ರತೆ 6.3, ಮೊದಲಿನದಕ್ಕಿಂತ ಕಡಿಮೆ. ಆದರೆ ಊರಿಗೆ ಹತ್ತಿರ, ಆಳವೂ ಕಡಿಮೆ. ನಗರದಲ್ಲಿ 185 ಜನ ಸತ್ತರು. ಎತ್ತಿಟ್ಟ ಪುಸ್ತಕಗಳು ಮತ್ತೆ ಬಿದ್ದವು. ಜೂನ್ 13ಕ್ಕೆ ಮತ್ತೆ ದೊಡ್ಡ ಕಂಪನ, ಡಿಸೆಂಬರ್ 23ಕ್ಕೆ ಮತ್ತೊಮ್ಮೆ.

ಭೂಕಂಪ ಎಂದರೆ ಒಂದು ದಿನದ ಘಟನೆ ಎಂದುಕೊಂಡು ಯೋಜನೆ ಮಾಡಬೇಡಿ ಎನ್ನುವುದಕ್ಕೇ ಈ ದಿನಾಂಕಗಳನ್ನು ಕೊಟ್ಟೆ. ಅದು ಒಂದೂವರೆ ವರ್ಷ ಬಾಗಿಲು ತಟ್ಟುತ್ತಲೇ ಇರುವ ನೆಂಟ. ವೇಳಾಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಮೊದಲ ದಿನ: ಕೀಲಿಕೈ ಯಾರ ಬಳಿ?

ಪ್ರತಿ ಕಾಲೇಜಿನಲ್ಲೂ ಒಬ್ಬ ಧೈರ್ಯವಂತ ಅಟೆಂಡರ್ ಇರುತ್ತಾನೆ. ಹಾವು ಬಂದರೂ ಅವನೇ, ಟ್ಯಾಂಕಿಗೆ ಇಳಿಯಲೂ ಅವನೇ. ನೆಲ ನಡುಗಿ ನಿಂತ ಹತ್ತು ನಿಮಿಷಕ್ಕೆ ಯಾರಾದರೂ ಒಬ್ಬ ಪ್ರಾಧ್ಯಾಪಕರು ಅವನನ್ನು ಕರೆದು, ನನ್ನ ಚೀಲ ಸ್ಟಾಫ್ ರೂಮಿನಲ್ಲಿದೆ, ಲ್ಯಾಪ್‌ಟಾಪ್ ತಂದುಬಿಡಪ್ಪ ಎನ್ನುತ್ತಾರೆ. ಅವನು ಹೋಗುತ್ತಾನೆ. ಮರುಕಂಪನ ಬರುವುದು ಆಗಲೇ. ಆದ್ದರಿಂದ ಕಟ್ಟಡ ಖಾಲಿಯಾದ ಕೂಡಲೇ ಎಲ್ಲ ಕೀಲಿಕೈಗಳನ್ನೂ ಒಬ್ಬರೇ ಇಟ್ಟುಕೊಳ್ಳಬೇಕು. ಆ ಒಬ್ಬರು ಪ್ರಾಂಶುಪಾಲರಾಗಬಾರದು. ಅವರ ಮೇಲೆ ಒತ್ತಡ ಹಾಕುವವರು ಹೆಚ್ಚು, ಅವರಿಗೆ ಇಲ್ಲ ಎನ್ನಲು ಆಗುವುದಿಲ್ಲ. ಇಲ್ಲ ಎನ್ನುವುದರಲ್ಲಿ ಹೆಸರಾದವರನ್ನು ಆರಿಸಿ. ನಮ್ಮಲ್ಲಾಗಿದ್ದರೆ ದೈಹಿಕ ಶಿಕ್ಷಣದ ಮೇಷ್ಟರು.

ಜನ ಸೇರುವ ಜಾಗವನ್ನು ಈಗಲೇ ನೋಡಿಡಿ. ಕಟ್ಟಡ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಇರಬೇಕು. ಮೇಲೆ ವಿದ್ಯುತ್ ತಂತಿ ಇರಬಾರದು. ನಮ್ಮ ಕಡೆ ಇನ್ನೊಂದು ಅಪಾಯವಿದೆ: ಕಲ್ಲು ಚಪ್ಪಡಿಯ ಕಾಂಪೌಂಡು. ನೆಟ್ಟಗೆ ಹೂತ ಚಪ್ಪಡಿಗೆ ಪಕ್ಕದ ಚಪ್ಪಡಿಯೊಂದಿಗೆ ಯಾವ ಬಂಧವೂ ಇರುವುದಿಲ್ಲ. ಒಂದು ವಾಲಿದರೆ ಹಿಡಿಯುವವರಿಲ್ಲ. ಮಕ್ಕಳು ಹೊರಗೆ ಓಡಿ ಬಂದು ಅದಕ್ಕೇ ಒರಗಿ ನಿಲ್ಲುತ್ತಾರೆ. ಹೆಸರು ಕರೆದು ತಲೆ ಎಣಿಸಿ. ಹಾಜರಿ ಪುಸ್ತಕ ಒಳಗೇ ಉಳಿದಿದ್ದರೆ ಬೆಂಚಿನ ಪಕ್ಕದವರನ್ನು ಕೇಳಿ, ಪಕ್ಕದವರ ಲೆಕ್ಕ ತಪ್ಪುವುದಿಲ್ಲ.

ರಸಾಯನಶಾಸ್ತ್ರ ಪ್ರಯೋಗಾಲಯದ ಬಾಗಿಲಿಗೆ ಯಾರೂ ಹೋಗಬಾರದು. ಹೆಚ್ಚಿನ ಕಾಲೇಜುಗಳಲ್ಲಿ ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿರುತ್ತಾರೆ. ಹುಡುಕಲು ಸುಲಭ, ಬಿದ್ದರೆ ಭಯಂಕರ. ನೈಟ್ರಿಕ್ ಆಮ್ಲ ಬಿದ್ದು ಪಕ್ಕದ ಸ್ಪಿರಿಟ್ಟಿಗೆ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಆಮ್ಲಗಳನ್ನು ಒಂದು ಕಡೆ ಕೆಳಗೆ, ಉರಿಯುವ ದ್ರವಗಳನ್ನು ಇನ್ನೊಂದು ಕಡೆ, ಗ್ಯಾಸ್ ಸಿಲಿಂಡರಿಗೆ ಸರಪಳಿ. ಇದು ಒಂದು ಶನಿವಾರದ ಕೆಲಸ.

ಹಸಿರು ಚೀಟಿಯನ್ನು ನಂಬುವ ಬಗೆ

ಕ್ರೈಸ್ಟ್‌ಚರ್ಚ್‌ನಲ್ಲಿ ಕಟ್ಟಡಗಳಿಗೆ ಮೂರು ಬಣ್ಣದ ಚೀಟಿ ಅಂಟಿಸಿದರು: ಕೆಂಪು ಇದ್ದರೆ ಒಳಗೆ ಹೋಗಬಾರದು, ಹಳದಿ ಇದ್ದರೆ ನಿರ್ಬಂಧದೊಡನೆ, ಹಸಿರು ಇದ್ದರೆ ಬಳಸಬಹುದು. ಕೇಳಲು ಅಚ್ಚುಕಟ್ಟು. ಆದರೆ ಸಿಟಿವಿ ಎಂಬ ಆರಂತಸ್ತಿನ ಕಟ್ಟಡಕ್ಕೆ ಸೆಪ್ಟೆಂಬರಿನ ನಂತರ ಸಿಕ್ಕಿದ್ದು ಹಸಿರು ಚೀಟಿ. ಫೆಬ್ರವರಿಯಲ್ಲಿ ಅದು ಕುಸಿದು 115 ಜನ ಸತ್ತರು. ಅವರಲ್ಲಿ ಇಂಗ್ಲಿಷ್ ಕಲಿಯಲು ಬೇರೆ ದೇಶಗಳಿಂದ ಬಂದಿದ್ದ ವಿದ್ಯಾರ್ಥಿಗಳೇ ಬಹಳ. ಹಸಿರು ಚೀಟಿ ಎಂದರೆ ಬೇಗ ನೋಡಿದಾಗ ಕಂಡ ಕೆಡುಕಿಲ್ಲ ಎಂದಷ್ಟೇ. ಕಂಬದೊಳಗಿನ ಕಬ್ಬಿಣದ ಸುದ್ದಿ ಅದರಲ್ಲಿರುವುದಿಲ್ಲ. ಪ್ರತಿ ದೊಡ್ಡ ಮರುಕಂಪನದ ನಂತರ ಹಳೆಯ ಚೀಟಿ ರದ್ದಾಯಿತು ಎಂದೇ ತಿಳಿದು ಮತ್ತೆ ತೋರಿಸಿ.

ಯಾರಿಗೆ ತೋರಿಸಬೇಕು? ಕಟ್ಟಿದ ಗುತ್ತಿಗೆದಾರನಿಗೆ ಬೇಡ. ಅವನು ಎಂದಾದರೂ ತನ್ನ ಕಟ್ಟಡ ಸರಿಯಿಲ್ಲ ಎಂದಾನೆಯೇ? ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರೊಂದಿಗೆ ಈಗಲೇ ಒಂದು ಪತ್ರದ ಒಪ್ಪಂದ ಮಾಡಿಕೊಳ್ಳಿ. ನಡುಗಿದ ದಿನ ಇಡೀ ಜಿಲ್ಲೆ ಅವರ ಬಾಗಿಲಲ್ಲಿರುತ್ತದೆ. ಅವರು ಬರುವವರೆಗೆ ನೀವು ಹೊರಗಿನಿಂದಲೇ ನೋಡಬಹುದಾದದ್ದಿಷ್ಟು: ಕಂಬ ಮತ್ತು ತೊಲೆ ಸೇರುವಲ್ಲಿ ಬಿರುಕು, ಕಿಟಕಿಗಳ ನಡುವಿನ ಗೋಡೆಯಲ್ಲಿ ಕತ್ತರಿಯಾಕಾರದ ಓರೆ ಬಿರುಕು, ಮೊದಲು ಸಲೀಸಾಗಿದ್ದು ಈಗ ಕಚ್ಚುವ ಬಾಗಿಲು. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಎಂಜಿನಿಯರ್ ಒಪ್ಪಿದ ಮೇಲೆ ಅನುಮಾನದ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಹಳೆಯ ಮೇಸ್ತ್ರಿಗಳ ವಿದ್ಯೆ, ಗಣಿಯವರಿಗೂ ಗೊತ್ತಿತ್ತು.

ಕಾಗದಗಳ ವಿಷಯ ಬೇಗ ಮುಗಿಸುತ್ತೇನೆ. ಪದವಿ ಪ್ರಮಾಣಪತ್ರ, ಸೆಮಿಸ್ಟರ್ ಅಂಕಗಳು ಡಿಜಿಲಾಕರ್ ಮತ್ತು ಯುಯುಸಿಎಂಎಸ್ ಎಂಬ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಉಳಿಯುತ್ತವೆ. ಉಳಿಯದೇ ಹೋಗುವುದು ಮೇಷ್ಟರ ಮೇಜಿನ ಡ್ರಾಯರಿನಲ್ಲಿರುವ ಆಂತರಿಕ ಅಂಕಗಳು, ಹಾಜರಿ, ಹಳೆಯ ಪ್ರವೇಶ ವಹಿಗಳು. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆದು ಎರಡು ಕಡೆ ಇಡಿ. ಎರಡನೆಯ ಕಡೆ ಅದೇ ಕಟ್ಟಡದ ಇನ್ನೊಂದು ಕೋಣೆಯಾಗಿರಬಾರದು. ನಗಬೇಡಿ, ನಮ್ಮಲ್ಲಿ ಪ್ರತಿಯನ್ನು ಇಟ್ಟಿದ್ದು ಮೂಲವಿದ್ದ ಬೀರುವಿನ ಮೇಲಿನ ಹಲಗೆಯಲ್ಲಿ.

ಶಾಮಿಯಾನದಲ್ಲಿ ವಿಶ್ವವಿದ್ಯಾಲಯ

ಕ್ಯಾಂಟರ್ಬರಿಯ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. 2011ರ ಮಾರ್ಚ್‌ನಲ್ಲಿ, ಕಟ್ಟಡಗಳ ತಪಾಸಣೆ ಇನ್ನೂ ನಡೆಯುತ್ತಿರುವಾಗಲೇ, ಕಾರು ನಿಲ್ಲಿಸುವ ಜಾಗಗಳಲ್ಲಿ ದೊಡ್ಡ ಡೇರೆಗಳನ್ನು ಹಾಕಿ ಪಾಠ ಶುರುಮಾಡಿದರು. ಆಮೇಲೆ ಡವ್‌ಡೇಲ್ ಎಂಬಲ್ಲಿ ತಾತ್ಕಾಲಿಕ ಕೋಣೆಗಳ ಒಂದು ಹಳ್ಳಿಯೇ ಎದ್ದಿತು. ಅಮೆರಿಕದ ನಾರ್ತ್‌ರಿಡ್ಜ್‌ನಲ್ಲೂ ಹೀಗೆಯೇ: 1994ರ ಜನವರಿ 17ರ ಭೂಕಂಪದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆವರಣವೆಲ್ಲ ಜಖಂ ಆಯಿತು, ವಾಹನ ನಿಲ್ದಾಣದ ಕಟ್ಟಡ ಮುದುಡಿ ಬಿತ್ತು, ಆದರೂ ಸುಮಾರು ಒಂದು ತಿಂಗಳಲ್ಲಿ ಟ್ರೇಲರ್ ಕೋಣೆಗಳಲ್ಲಿ ತರಗತಿ ನಡೆಯಿತು.

ಡೇರೆ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಸಾವಿರ ಜನರ ಮದುವೆಗೆ ಒಂದೇ ರಾತ್ರಿಯಲ್ಲಿ ಚಪ್ಪರ ಎದ್ದು ನಿಲ್ಲುವ ನಾಡು ಇದು. ಆದರೆ ಮದುವೆಯ ಶಾಮಿಯಾನ ಬೇರೆ, ಪಾಠದ ಶಾಮಿಯಾನ ಬೇರೆ. ಒಂದು ಡೇರೆಗೆ ಅರವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಎರಡು ಡೇರೆಗಳು ಮಗ್ಗುಲಿಗೆ ಮಗ್ಗುಲು ಇದ್ದರೆ ಇತ್ತ ಪಂಪನ ಪದ್ಯ, ಅತ್ತ ಡೆಬಿಟ್ ಕ್ರೆಡಿಟ್, ನಡುವೆ ಕುಳಿತವನಿಗೆ ಎರಡೂ ಇಲ್ಲ. ಜಾಗ ಕಡಿಮೆಯಿದ್ದರೆ ಹೀಗೆ ಮಾಡಿ: ಒಂದರಲ್ಲಿ ಉಪನ್ಯಾಸ ನಡೆಯುವಾಗ ಪಕ್ಕದ್ದರಲ್ಲಿ ಬರೆಯುವ ಕೆಲಸ. ಮೈಕು ಬೇಡ, ಅದರಿಂದ ಎಲ್ಲರ ಪಾಠವೂ ಕೆಡುತ್ತದೆ. ತರಗತಿಯನ್ನು ನಲವತ್ತು ನಿಮಿಷಕ್ಕೆ ಇಳಿಸಿ. ಮಾರ್ಚ್‌ನಿಂದಾಚೆಗೆ ಬೆಳಿಗ್ಗೆ ಏಳೂವರೆಗೆ ಶುರುಮಾಡಿ ಹನ್ನೆರಡಕ್ಕೆ ಮುಗಿಸಿ. ಬಣ್ಣದ ಬಟ್ಟೆಯ ಕೆಳಗೆ ಮಧ್ಯಾಹ್ನದ ಕಾವಿಗೆ ಕೋಲಾರದಲ್ಲಿ ಯಾವ ಮೆದುಳೂ ಕೆಲಸ ಮಾಡುವುದಿಲ್ಲ. ಆಷಾಢ ಬಂದರೆ ಗಾಳಿ. ಗೂಟಗಳನ್ನು ಮೊರಂ ನೆಲದಲ್ಲಿ ಮೊಳಕಾಲುದ್ದವಾದರೂ ಹೊಡೆಸಿ, ಸಂಜೆ ಒಮ್ಮೆ ಹಗ್ಗ ಬಿಗಿಸಿ.

ಶಾಮಿಯಾನದವರೊಂದಿಗೆ ಮೊದಲೇ ಬರೆದಿಟ್ಟ ಮಾತು ಇರಲಿ. ಮುಹೂರ್ತವಿರುವ ತಿಂಗಳಲ್ಲಿ ಭೂಕಂಪವಾದರೆ ಸಾಮಾನೆಲ್ಲ ಮದುವೆ ಮನೆಯಲ್ಲಿರುತ್ತದೆ. ಕಲ್ಯಾಣ ಮಂಟಪವನ್ನೇ ಹಿಡಿಯೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಂಟಪವೂ ಅದೇ ನೆಲದ ಮೇಲೆ ನಡುಗಿದ ಕಟ್ಟಡ ಎಂದು ನೆನಪಿಸಿ. ಅದಕ್ಕೂ ತಪಾಸಣೆ ಬೇಕು.

ಡೇರೆಗಿಂತ ಮೊದಲು ಶೌಚಾಲಯ. ಇದನ್ನು ಎಲ್ಲ ಸಭೆಗಳಲ್ಲೂ ಕೊನೆಗೆ ಚರ್ಚಿಸುತ್ತಾರೆ, ಸಭೆಯಲ್ಲಿ ಕೂರುವವರು ಹೆಚ್ಚಾಗಿ ಗಂಡಸರು ಎಂಬುದೇ ಕಾರಣ. ಶೌಚಾಲಯ ಮತ್ತು ನೀರು ಇಲ್ಲದಿದ್ದರೆ ಹೆಣ್ಣುಮಕ್ಕಳು ಎರಡನೆಯ ದಿನದಿಂದ ಬರುವುದಿಲ್ಲ, ತಿಂಗಳು ಕಳೆದರೆ ಮನೆಯವರು ಮದುವೆ ಗೊತ್ತುಮಾಡುತ್ತಾರೆ. ಕೊಳವೆಬಾವಿಯ ಪೈಪು ಒಡೆದಿದ್ದರೆ ಟ್ಯಾಂಕರ್, ತಗಡಿನ ಮರೆ, ದಿನಕ್ಕೆರಡು ಸಲ ಸ್ವಚ್ಛತೆ. ಮೊದಲ ವಾರದ ಹಣವನ್ನು ಇಲ್ಲಿಗೇ ಹಾಕಿ.

ಪ್ರಯೋಗಗಳನ್ನು ಡೇರೆಯಲ್ಲಿ ನಡೆಸಲು ಆಗುವುದಿಲ್ಲ. ಸೆಮಿಸ್ಟರಿನ ಮೊದಲರ್ಧ ಪೂರ್ತಿ ಸಿದ್ಧಾಂತ ಮುಗಿಸಿ, ಪ್ರಯೋಗಗಳನ್ನು ಕೊನೆಗೆ ಗಂಟು ಕಟ್ಟಿ ಬೇರೆ ತಾಲ್ಲೂಕಿನ ಕಾಲೇಜೊಂದರಲ್ಲಿ ಸಂಜೆಯ ಹೊತ್ತು ಮಾಡಿಸಿ.

ಪುಸ್ತಕ ಎತ್ತುವುದು

ಇನ್ನು ನನ್ನ ಕ್ಷೇತ್ರ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

2021ರ ನವೆಂಬರಿನ ಮಳೆ ನಿಮಗೆ ನೆನಪಿರಬೇಕು. ಕಾಲೇಜಿನ ತಾರಸಿಯ ನೀರಿನ ಕಿಂಡಿ ಹೊಂಗೆ ಎಲೆಯಿಂದ ಕಟ್ಟಿಕೊಂಡಿತ್ತು. ಸ್ವಚ್ಛ ಮಾಡಿಸಿ ಎಂದು ನಾನು ಮೂರು ಸಲ ಬರೆದಿದ್ದೆ. ಒಂದು ಬೆಳಿಗ್ಗೆ ಬೀಗ ತೆರೆದರೆ ಸೂರು ಸೋರಿ, ತುಕ್ಕು ಹಿಡಿದ ಕಾಲಿನ ಒಂದು ರ್ಯಾಕ್ ಪಕ್ಕದ್ದಕ್ಕೆ ಒರಗಿ, ಅದು ಮುಂದಿನದಕ್ಕೆ ಒರಗಿ, ನಾಲ್ಕು ಸಾಲು ಬಾಗಿ ನಿಂತಿದ್ದವು. ನೆಲದಲ್ಲಿ ಎಂಟುನೂರರಷ್ಟು ಪುಸ್ತಕ, ಅರ್ಧ ಒದ್ದೆ. ಭೂಕಂಪವಲ್ಲ, ಬರೀ ಎಲೆ. ಆದರೆ ದೃಶ್ಯ ಅದೇ. ಭೂಕಂಪದಲ್ಲೂ ತಾರಸಿಯ ಪ್ಲಾಸ್ಟಿಕ್ ಟ್ಯಾಂಕ್ ಉರುಳಿ, ಪೈಪು ಕಳಚಿ ನೀರು ಬಂದೇ ಬರುತ್ತದೆ.

ಆ ಹದಿನೇಳು ದಿನಗಳಲ್ಲಿ ನಾನು ಮಾಡಿದ ತಪ್ಪುಗಳಿಂದ ಕಲಿತದ್ದು ಇದು. ಬಾಗಿದ ರ್ಯಾಕುಗಳ ನಡುವೆ ಯಾರೂ ನುಗ್ಗಬಾರದು. ಮೊದಲು ಸಾರುವೆಯ ಮರ ಕೊಟ್ಟು ನಿಲ್ಲಿಸಿ, ಆಮೇಲೆ ಮೇಲಿನ ತಟ್ಟಿನಿಂದ ಇಳಿಸುತ್ತಾ ಬನ್ನಿ. ನೆಲದ ರಾಶಿಯನ್ನು ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಬಿದ್ದ ಪುಸ್ತಕಗಳು ಗೊಂದಲವಾಗಿ ಕಂಡರೂ ಬಹುಮಟ್ಟಿಗೆ ತಮ್ಮ ಸಾಲಿನ ಕ್ರಮದಲ್ಲೇ ಬಿದ್ದಿರುತ್ತವೆ. ಅಲ್ಲೇ ಕುಳಿತು ವಿಷಯವಾರು ವಿಂಗಡಿಸಲು ಹೊರಟರೆ ಆ ಕ್ರಮ ಹಾಳು. ನಾನು ಮೊದಲ ದಿನ ಮಾಡಿದ್ದು ಅದನ್ನೇ.

ಪೆಟ್ಟಿಗೆಗೆ ಕೋಲಾರದವರು ಯೋಚಿಸಬೇಕಿಲ್ಲ. ಎಪಿಎಂಸಿಯಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಪುಸ್ತಕಕ್ಕೆಂದೇ ಮಾಡಿದ ಹಾಗಿದೆ: ಗಾಳಿಯಾಡುತ್ತದೆ, ಒಂದರ ಮೇಲೊಂದು ಕೂರುತ್ತದೆ, ಇಬ್ಬರು ಸುಲಭವಾಗಿ ಎತ್ತಬಹುದು. ತೊಳೆದು ಒಣಗಿಸಿ. ಪುಸ್ತಕವನ್ನು ಬೆನ್ನು ಕೆಳಗೆ ಮಾಡಿ ಇಡಿ, ಮೇಲೆ ಮಾಡಿದರೆ ಹಾಳೆಗಳ ಭಾರಕ್ಕೆ ಹೊಲಿಗೆ ಕಿತ್ತು ಬರುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಿ. ಪ್ರತಿ ಕ್ರೇಟಿಗೆ ಒಂದು ಚೀಟಿ: ರ್ಯಾಕ್ 7, ಎಡಬದಿ, ಮೂರನೆಯ ತಟ್ಟು. ಆಮೇಲೆ ಅಕ್ಸೆಷನ್ ರಿಜಿಸ್ಟರ್, ಅಂದರೆ ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ದಾಖಲಿಸುವ ವಹಿ, ಹಿಡಿದು ಲೆಕ್ಕ ನೋಡಲು ಈ ಚೀಟಿಯೇ ಆಧಾರ.

ಒದ್ದೆ ಪುಸ್ತಕಕ್ಕೆ ಎರಡು ದಿನದ ಗಡುವು. ಅದು ಕಳೆದರೆ ಬೂಷ್ಟು. ಬಿಸಿಲಿಗೆ ಹಾಕಬೇಡಿ, ನಾನು ಹಾಕಿದೆ, ರಟ್ಟುಗಳು ಹಪ್ಪಳದಂತೆ ಸುರುಟಿದವು. ನೆರಳು ಮತ್ತು ಫ್ಯಾನ್ ಸಾಕು. ನಮ್ಮ ಅಟೆಂಡರ್ ಶಿಡ್ಲಘಟ್ಟದ ಕಡೆಯವನು. ಊರಿನಿಂದ ರೇಷ್ಮೆ ಹುಳು ಸಾಕುವ ಬಿದಿರಿನ ತಟ್ಟೆ, ಅವುಗಳ ಸ್ಟ್ಯಾಂಡಿನ ಸಮೇತ ತಂದುಬಿಟ್ಟ. ಕೆಳಗಿನಿಂದಲೂ ಗಾಳಿ ಹೋಗುವ ಅಂಥ ವ್ಯವಸ್ಥೆಯನ್ನು ಯಾವ ಗ್ರಂಥಾಲಯ ವಿಜ್ಞಾನದ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಹಾಳೆಗಳ ನಡುವೆ ಅಚ್ಚಾಗದ ಬಿಳಿ ಕಾಗದ ಸೇರಿಸಿ, ಒದ್ದೆಯಾದಂತೆ ಬದಲಿಸಿ. ಹೊಳಪು ಕಾಗದದ ಪುಸ್ತಕಗಳನ್ನು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಿ. ಅವು ಒಣಗಿದ ಮೇಲೆ ಇಟ್ಟಿಗೆಯಾಗುತ್ತವೆ. ಸಾವಿರಾರು ಒದ್ದೆಯಾಗಿದ್ದರೆ ಒಣಗಿಸುವ ಹಠ ಬಿಟ್ಟು ಅಮೂಲ್ಯವಾದವನ್ನು ಘನೀಕರಿಸಿಡಬೇಕು. ತರಕಾರಿ ಶೈತ್ಯಾಗಾರದ ತಂಪು ಸಾಲದು, ಐಸ್‌ಕ್ರೀಂ ದಾಸ್ತಾನಿನವರನ್ನು ಕೇಳಿ.

ರ್ಯಾಕುಗಳನ್ನು ಮತ್ತೆ ನಿಲ್ಲಿಸುವಾಗ ಹಳೆಯಂತೆ ನಿಲ್ಲಿಸಬೇಡಿ. ಎಲ್ಲ ಸಾಲುಗಳ ತಲೆಗಳನ್ನೂ ಅಡ್ಡ ಕಬ್ಬಿಣದ ಆ್ಯಂಗಲ್‌ನಿಂದ ಒಂದಕ್ಕೊಂದು ಸೇರಿಸಿ, ಕೊನೆಯದನ್ನು ಕಾಂಕ್ರೀಟ್ ಕಂಬಕ್ಕೋ ತೊಲೆಗೋ ಆ್ಯಂಕರ್ ಬೋಲ್ಟಿನಿಂದ ಬಿಗಿಯಿರಿ. ನಾಲ್ಕಿಂಚಿನ ಇಟ್ಟಿಗೆ ಗೋಡೆಗೆ ಬಿಗಿದರೆ ರ್ಯಾಕಿನ ಜೊತೆ ಗೋಡೆಯೂ ಬರುತ್ತದೆ. ವಿಶ್ವಕೋಶ, ಸಂಪುಟಗಳು, ಗೆಜೆಟಿಯರ್ ಕೆಳಗಿನ ಎರಡು ತಟ್ಟುಗಳಿಗೆ. ಮೇಲೆ ಕಾದಂಬರಿ, ಕವನ. ಪ್ರತಿ ತಟ್ಟಿನ ಮುಂದೆ ನೈಲಾನ್ ಹುರಿ, ಪುಸ್ತಕದ ಎತ್ತರದ ಅರ್ಧಕ್ಕಿಂತ ತುಸು ಮೇಲೆ, ಒಂದು ತುದಿಗೆ ಕೊಕ್ಕೆ. ಪುಸ್ತಕ ಬೇಕಾದಾಗ ಕೊಕ್ಕೆ ತೆಗೆದರಾಯಿತು. ನಾನು ಇದನ್ನು ಮಾಡಿಸಲು ಹೋದಾಗ, ಗ್ರಂಥಾಲಯವೋ ಕಿರಾಣಿ ಅಂಗಡಿಯೋ ಎಂದು ಸಿಬ್ಬಂದಿ ಕೋಣೆಯಲ್ಲಿ ನಗೆ. ಎರಡು ಸಾಲಿಗೆ ಮಾತ್ರ ಕಟ್ಟಿಸಿ ನಿವೃತ್ತನಾದೆ.

ಹುಡುಗರನ್ನು ಸುಮ್ಮನೆ ಕೂರಿಸಬೇಡಿ

ಕ್ರೈಸ್ಟ್‌ಚರ್ಚ್‌ನಲ್ಲಿ ನೆಲದಡಿಯ ನೀರು ಮರಳು ಬೆರೆತು ಉಕ್ಕಿ ಬೀದಿಗಳೆಲ್ಲ ಬೂದು ಕೆಸರಾದವು. ಸ್ಯಾಮ್ ಜಾನ್ಸನ್ ಎಂಬ ವಿದ್ಯಾರ್ಥಿ ಫೇಸ್‌ಬುಕ್‌ನಲ್ಲಿ ಕರೆ ಕೊಟ್ಟದ್ದಕ್ಕೆ ಸಾವಿರಾರು ವಿದ್ಯಾರ್ಥಿಗಳು ಸಲಿಕೆ ಹಿಡಿದು ಬಂದರು. ವಿಶ್ವವಿದ್ಯಾಲಯ ಆಮೇಲೆ ಅಂಥ ಸೇವೆಯನ್ನೇ ಆಧರಿಸಿ ಅಂಕ ಸಿಗುವ ಒಂದು ಕೋರ್ಸ್ ತೆರೆಯಿತು. ನಮ್ಮ ಬಂಡೆ ನೆಲದಲ್ಲಿ ಹಾಗೆ ಮರಳು ಉಕ್ಕುವ ಸಂಭವ ಕಡಿಮೆ. ಕೆರೆಯಂಗಳ ಮುಚ್ಚಿ ಬಡಾವಣೆ ಮಾಡಿದ ಕಡೆ ಅದೇ ಮಾತು ಹೇಳಲಾರೆ. ಎನ್ಎಸ್ಎಸ್‌ನ ಪಟ್ಟಿ ಕೈಯಲ್ಲಿರಲಿ: ಯಾರಿಗೆ ಬೈಕಿದೆ, ಯಾರಿಗೆ ಪ್ರಥಮ ಚಿಕಿತ್ಸೆ ಗೊತ್ತು, ಯಾರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ.

ಬೇರೆ ಊರಿಗೆ ಹೋಗುತ್ತೇನೆ ಎಂದವರ ವರ್ಗಾವಣೆ ಪತ್ರವನ್ನು ಶುಲ್ಕ ಬಾಕಿಯ ನೆಪದಲ್ಲಿ ತಡೆಯಬೇಡಿ. ಆಕ್ಸ್‌ಫರ್ಡ್, ಅಡಿಲೇಡ್ ವಿಶ್ವವಿದ್ಯಾಲಯಗಳು ಕ್ಯಾಂಟರ್ಬರಿಯ ಮಕ್ಕಳನ್ನು ಒಂದಷ್ಟು ಕಾಲ ಕೂರಿಸಿಕೊಂಡು ಓದಿಸಿದವು. ಪರೀಕ್ಷೆಯ ನಡುವೆ ನೆಲ ನಡುಗಿದರೆ ಏನು ಮಾಡುತ್ತೀರಿ ಎಂಬುದನ್ನು ಪ್ರವೇಶಪತ್ರದಲ್ಲೇ ಅಚ್ಚು ಹಾಕಿಸಿ. ಪತ್ರಿಕೆ ಬಿಟ್ಟು ಓಡಿದವನು ಅಂಕ ಕಳೆದುಕೊಳ್ಳುವುದಿಲ್ಲ ಎಂದು ಗೊತ್ತಿದ್ದರೆ ಮಾತ್ರ ಅವನು ಓಡುತ್ತಾನೆ.

ಹಣದ ವಿಷಯ: ಕ್ಯಾಂಟರ್ಬರಿಗೆ ಅಲ್ಲಿನ ಸರ್ಕಾರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕಟ್ಟಡಗಳಿಗಾಗಿ 26 ಕೋಟಿ ನ್ಯೂಜಿಲೆಂಡ್ ಡಾಲರ್‌ವರೆಗೆ ಕೊಡಲು ಒಪ್ಪಿದ್ದು ಭೂಕಂಪವಾಗಿ ಎರಡು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಇಳಿದಿತ್ತು. ಆದ್ದರಿಂದ ಡೇರೆಯನ್ನು ಒಂದು ವಾರಕ್ಕೆಂದು ಹಾಕಬೇಡಿ, ಎರಡು ವರ್ಷಕ್ಕೆಂದು ಹಾಕಿ.

ಆ ಡೇರೆಗಳಲ್ಲಿ ಒಂದು ಗ್ರಂಥಾಲಯದ್ದಾಗಿರಲಿ. ಐವತ್ತು ಕ್ರೇಟ್ ಪುಸ್ತಕ ಸಾಕು: ಆ ಸೆಮಿಸ್ಟರಿನ ಪಠ್ಯಗಳು, ಸ್ಪರ್ಧಾತ್ಮಕ ಪರೀಕ್ಷೆಯವು, ಕಾದಂಬರಿ. ಮೊದಲ ದಿನ ಬರುವ ಮಕ್ಕಳಲ್ಲಿ ಅನೇಕರು ಪುಸ್ತಕ ಕೇಳಲು ಬಂದಿರುವುದಿಲ್ಲ. ಎರವಲು ಪಡೆದದ್ದು ಬಿದ್ದ ಮನೆಯ ಅಡಿಯಲ್ಲಿದೆ, ದಂಡ ಎಷ್ಟು ಎಂದು ಕೇಳಲು ಬಂದಿರುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ಊಟಕ್ಕೇನು ಎಂದು ವಿಚಾರಿಸಿ. ವಹಿಯಲ್ಲಿ ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ‘ಭೂಕಂಪ’ ಎಂದು ಬರೆದು, ದಿನಾಂಕ ಹಾಕಿ, ಅದೇ ಹೆಸರಿಗೆ ಹೊಸ ಪುಸ್ತಕವೊಂದನ್ನು ಕೊಟ್ಟು ಕಳುಹಿಸಿ.